ಹಳೇ ಪೇಟೆ, ಡೆಡ್ ಎಂಡ್ ಬಡಾವಣೆ, ಗೇಟೆಡ್ ಕಮ್ಯುನಿಟಿ: ಮೂರರಲ್ಲೂ ಇದ್ದು ನೋಡಿದೆ

ಏಳು ವರ್ಷ, ಒಂದೇ ಉಪನಗರ, ಮೂರು ಬಾಡಿಗೆ ಮನೆ. ಊರು ಒಂದೇ ಆದರೂ ಮೂರೂ ಕಡೆ ದಿನ ಕಳೆಯುವ ರೀತಿಯೇ ಬೇರೆ.

ಮೊದಲ ಮನೆ ಇದ್ದದ್ದು ರೈಲು ನಿಲ್ದಾಣದ ಹಿಂದಿನ ಹಳೇ ಪೇಟೆಯಲ್ಲಿ. ಬೆಳಗಾಗುವ ಮೊದಲೇ ರೈಲಿನ ಸದ್ದು. ಗಾಡಿ ನಿಲ್ಲಿಸಲು ದಿನಾ ಜಗಳ. ಆದರೆ ಅಡ್ಡರಸ್ತೆಗಳೆಲ್ಲ ಒಂದಕ್ಕೊಂದು ಸೇರುತ್ತಿದ್ದವು. ನಿಲ್ದಾಣಕ್ಕೆ ಆರು ನಿಮಿಷ, ಅದೂ ಮೂರು ದಾರಿಯಲ್ಲಿ. ನಾನು ಎಷ್ಟು ಹೊತ್ತಿಗೆ ಮನೆಗೆ ಬಂದೆ ಅನ್ನೋದು ಎದುರು ಮನೆ ಅಜ್ಜಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಕಿರಿಕಿರಿಯಾಗುತ್ತಿತ್ತು, ನಿಜ. ಒಂದು ದಿನ ಬೀಗದ ಕೈ ಬಾಗಿಲಲ್ಲೇ ಬಿಟ್ಟು ಹೋಗಿದ್ದೆ. ಸಂಜೆ ಬಂದರೆ ಅದು ಅಜ್ಜಿಯ ಸೆರಗಿನ ಗಂಟಿನಲ್ಲಿತ್ತು. ಆಮೇಲೆ ಕಿರಿಕಿರಿ ಕಮ್ಮಿಯಾಯಿತು.

ಎರಡನೆಯದು ಡೆಡ್ ಎಂಡ್ ಬಡಾವಣೆ. ಎಂಥ ಶಾಂತಿ! ಆಚೆ ದಾರಿಯೇ ಇಲ್ಲದ ಮೇಲೆ ಹೊರಗಿನ ಗಾಡಿ ಯಾಕೆ ಬರುತ್ತದೆ? ಮಗಳು ರಸ್ತೆಯಲ್ಲೇ ಸೈಕಲ್ ಕಲಿತಳು. ಆದರೆ ಅಡುಗೆಮನೆ ಕಿಟಕಿಯಿಂದ ಅಂಗಡಿಯ ತಗಡಿನ ಚಾವಣಿ ಕಾಣುತ್ತಿತ್ತು, ಕೂಗಿದರೆ ಕೇಳುವಷ್ಟು ಹತ್ತಿರ. ಮಧ್ಯೆ ಒಂದು ಗೋಡೆ. ಸುತ್ತಿ ಹೋದರೆ ಫೋನಿನಲ್ಲಿ ಅಳೆದ ಲೆಕ್ಕ ಒಂದೂವರೆ ಕಿಲೋಮೀಟರ್. ಒಂದು ಪ್ಯಾಕೆಟ್ ಹಾಲಿಗೆ ಕಾರು ತೆಗೆಯುವುದು ಅಂದರೆ ಇದೇ.

ಈ ಮಾದರಿಗೆ ಹೆಸರು ತಂದುಕೊಟ್ಟದ್ದು ಅಮೆರಿಕದ ನ್ಯೂಜೆರ್ಸಿಯ ರ‍್ಯಾಡ್‌ಬರ್ನ್, 1929ರದ್ದು. ಅಲ್ಲಿ ಕಾರಿಗೆ ಡೆಡ್ ಎಂಡ್ ಇಟ್ಟವರು ನಡೆಯುವವರಿಗೆ ಬೇರೆಯೇ ಕಾಲುದಾರಿ ಕೊಟ್ಟಿದ್ದರು. ನಮ್ಮ ಬಡಾವಣೆಯವರು ಡೆಡ್ ಎಂಡ್ ಮಾತ್ರ ತೆಗೆದುಕೊಂಡು ಕಾಲುದಾರಿ ಕೈಬಿಟ್ಟಿದ್ದರು. ಆ ಗೋಡೆಯಲ್ಲಿ ಮೂರಡಿ ಅಗಲದ ಒಂದು ಬಾಗಿಲು ಇದ್ದಿದ್ದರೆ ನಾನು ಇವತ್ತಿಗೂ ಅಲ್ಲೇ ಇರುತ್ತಿದ್ದೆ.

ಮೂರನೆಯದು, ಈಗ ಇರುವ ಗೇಟೆಡ್ ಕಮ್ಯುನಿಟಿ. ಲಿಫ್ಟ್, ಜನರೇಟರ್, ಆಡಲು ಹುಡುಗರ ದಂಡು, ಎಲ್ಲ ಇದೆ. ಪೈಪ್ ಒಡೆದರೆ ಅರ್ಧ ಗಂಟೆಯಲ್ಲಿ ಪ್ಲಂಬರ್. ನಾಯಿ ಯಾವ ಲಿಫ್ಟಿನಲ್ಲಿ ಹೋಗಬೇಕು ಅಂತ ವಾಟ್ಸ್ಯಾಪ್ ಗುಂಪಿನಲ್ಲಿ ಮೂರು ದಿನ ಚರ್ಚೆ. ಒಳಗೆ ಪರಿಚಯ ಜಾಸ್ತಿ, ಊರಿನ ಪರಿಚಯ ಸೊನ್ನೆ. ಗೇಟಿನ ಮುಂದಿನ ರಸ್ತೆಯ ಹೆಸರು ನನಗೆ ಗೊತ್ತಾದದ್ದು ಎರಡು ವರ್ಷದ ಮೇಲೆ, ಅದೂ ಆಂಬುಲೆನ್ಸ್‌ನವರಿಗೆ ದಾರಿ ಹೇಳುವಾಗ.

ಅದೇ 1929ರಲ್ಲಿ ಕ್ಲಾರೆನ್ಸ್ ಪೆರ‍್ರಿ ಎಂಬ ನಗರ ಯೋಜಕ ಒಳ್ಳೆಯ ಬಡಾವಣೆ ಹೇಗಿರಬೇಕು ಅನ್ನೋದಕ್ಕೆ ಒಂದು ಅಳತೆ ಹೇಳಿದ್ದ: ನಡುವೆ ಶಾಲೆ, ಮನೆಯಿಂದ ಸುಮಾರು ಕಾಲು ಮೈಲಿ ನಡಿಗೆ, ಅಂದರೆ 400 ಮೀಟರ್, ದೊಡ್ಡ ರಸ್ತೆ ಏನಿದ್ದರೂ ಅಂಚಿಗೆ. ಹಳೇ ಪೇಟೆ ನಡಿಗೆಯಲ್ಲಿ ಪಾಸು, ದೊಡ್ಡ ರಸ್ತೆಯ ವಿಷಯದಲ್ಲಿ ಫೇಲು, ಅದು ಪೇಟೆಯ ಮಧ್ಯೆಯೇ ಹಾದು ಹೋಗುತ್ತದೆ. ಉಳಿದ ಎರಡು ಸರಿ ಉಲ್ಟಾ.

ಮತ್ತೆ ಹಳೇ ಪೇಟೆಯಲ್ಲೇ ಮನೆ ಹುಡುಕುತ್ತಿದ್ದೇನೆ, ಮುಖ್ಯ ರಸ್ತೆಯಿಂದ ಎರಡು ಅಡ್ಡರಸ್ತೆ ಒಳಗೆ. ಗಾಡಿಗೆ ಜಾಗ ಇರುವ ಮನೆ ಒಂದೇ ಒಂದು ಸಿಕ್ಕಿದೆ. ಮೂರನೇ ಮಹಡಿ, ಲಿಫ್ಟ್ ಇಲ್ಲ.