ಅವ್ವ ಕಣ್ಣು ಮಿಟುಕಿಸಿದ ಮೇಲೆ ಬಂದ 2,000

ನಮ್ಮದು ಎರಡು ಎಕರೆ ಖುಷ್ಕಿ. ರಾಗಿ, ನಡುವೆ ಅವರೆ ಸಾಲು. ಅಪ್ಪ ಇರುವವರೆಗೂ ಕೇಂದ್ರ ಸರ್ಕಾರ ರೈತರಿಗೆ ಕೊಡುವ ಪಿಎಂ ಕಿಸಾನ್ ದುಡ್ಡು ಅವರ ಖಾತೆಗೆ ಬರುತ್ತಿತ್ತು. ಕಂತಿಗೆ 2,000, ವರ್ಷಕ್ಕೆ ಮೂರು ಕಂತು. ಒಂದು ಕಾಲಕ್ಕೆ ರಾಜ್ಯ ಸರ್ಕಾರವೂ ಅದರ ಮೇಲೆ ವರ್ಷಕ್ಕೆ 4,000 ಹಾಕುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಅವ್ವನ ಹೆಸರಿಗೆ ಮಾಡಿಸಲು ಓಡಾಡಿದವನು ನಾನು. ಈ ಯೋಜನೆಗೆ 5ಕ್ಕೆ 3 ಸ್ಟಾರ್ ಕೊಡುತ್ತೇನೆ.

ಮೊದಲು ಪೌತಿ ಖಾತೆ ಆಗಬೇಕು, ಅಂದ್ರೆ ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಬರಬೇಕು. ಪಹಣಿಯಲ್ಲಿ ಹೆಸರು ಬರದೆ ಮುಂದಿನದು ಯಾವುದೂ ಇಲ್ಲ. 2019ರ ಫೆಬ್ರವರಿ 1ರ ನಂತರ ಜಮೀನು ಕೊಂಡವರಿಗೆ ಈ ದುಡ್ಡು ಬರುವುದಿಲ್ಲ. ಆದರೆ ಯಜಮಾನರು ತೀರಿಕೊಂಡು ವಾರಸುದಾರರಿಗೆ ಬಂದ ಜಮೀನಿಗೆ ಬರುತ್ತದೆ. ಒಂದು ಕೌಂಟರಿನಲ್ಲಿ ಇದು ಗೊತ್ತಿಲ್ಲದವರು ಕೂತಿದ್ದರು. "ಹೊಸಬರಿಗೆ ಇಲ್ಲ ಕಣ್ರೀ" ಅಂತ ಸುಮ್ನೆ ವಾಪಸ್ ಕಳಿಸಿದರು. ಒಂದು ದಿನದ ಕೆಲಸ ಹಾಳು. ರಾಜ್ಯ ಸರ್ಕಾರದ ರೈತರ ನೋಂದಣಿ ತಾಣ ಫ್ರೂಟ್ಸ್‌ನಲ್ಲಿ ಎಫ್‌ಐಡಿ, ಅಂದ್ರೆ ರೈತರ ಗುರುತಿನ ಸಂಖ್ಯೆ, ಮಾಡಿಸಿದ್ದು ಮಾತ್ರ ಸಲೀಸಾಗಿ ಆಯಿತು.

ದುಡ್ಡು ಪಡೆಯುವವರು ಇವರೇ ಅಂತ ಆಧಾರ್ ಮೂಲಕ ಖಾತ್ರಿ ಮಾಡುವ ಇ-ಕೆವೈಸಿಯದ್ದೇ ದೊಡ್ಡ ಕತೆ. ಕಳೆ ಕಿತ್ತು ಕಿತ್ತು ಅವ್ವನ ಹೆಬ್ಬೆಟ್ಟಿನ ಗೆರೆ ಸವೆದಿದೆ. ಸೆರಗಿಗೆ ಒರೆಸಿ ಒರೆಸಿ ಒತ್ತಿದಳು, ಮೆಷಿನ್ನು ಒಪ್ಪಲಿಲ್ಲ. ಓಟಿಪಿ ತರಿಸೋಣ ಅಂದ್ರೆ ಆಧಾರ್‌ಗೆ ಕೊಟ್ಟಿದ್ದು ಅಪ್ಪನ ಹಳೇ ನಂಬರು, ಆ ಸಿಮ್ಮು ಬಂದ್ ಆಗಿತ್ತು. ಕೊನೆಗೆ ಪಿಎಂ ಕಿಸಾನ್ ಆ್ಯಪ್‌ನಲ್ಲಿ ಮುಖ ತೋರಿಸಿ ಮಾಡುವುದು ಇದೆ ಅಂತ ಗೊತ್ತಾಯಿತು. ಮನೆ ಜಗಲಿ ಮೇಲೆ ಕೂರಿಸಿ ಫೋನ್ ಹಿಡಿದೆ. ಅದು ಕಣ್ಣು ಮಿಟುಕಿಸಿ ಅನ್ನುತ್ತದೆ. ಅವ್ವನೋ, ಮದುವೆ ಫೋಟೋಗೆ ಕೂತ ಹಾಗೆ ರೆಪ್ಪೆ ಬಡಿಯದೆ ಕೂತಳು. "ಫೋಟೋ ಕೆಡಲ್ವೇನೋ?" ಅಂದಳು. ನಾಲ್ಕನೇ ಸಲ ಒಂದು ನೊಣ ಬಂದು ಮೂಗಿನ ಮೇಲೆ ಕೂತಿತು, ಕೆಲಸ ಆಯಿತು.

ವೆಬ್‌ಸೈಟಿನಲ್ಲಿ ನನಗೆ ಇಷ್ಟವಾಗಿದ್ದು ಸ್ಟೇಟಸ್ ನೋಡುವ ಪುಟ. ಜಮೀನು ಜೋಡಣೆ, ಇ-ಕೆವೈಸಿ, ಬ್ಯಾಂಕಿಗೆ ಆಧಾರ್ ಜೋಡಣೆ, ಯಾವುದು ಆಗಿದೆ, ಯಾವುದು ಆಗಿಲ್ಲ ಅಂತ ಕೂತಲ್ಲೇ ಕಾಣುತ್ತದೆ. ಯಾರ ಕೈಕಾಲೂ ಹಿಡಿಯಬೇಕಿಲ್ಲ. ರಿಜಿಸ್ಟ್ರೇಷನ್ ನಂಬರ್ ಮಾತ್ರ ಬರೆದಿಟ್ಟುಕೊಳ್ಳಿ.

ಮೂರೂ ಸರಿ ಇತ್ತು, ದುಡ್ಡು ಬಿದ್ದಿದೆ ಅಂತಲೂ ತೋರಿಸಿತು. ಪಾಸ್‌ಬುಕ್ಕಿನಲ್ಲಿ ಮಾತ್ರ ಇಲ್ಲ! ಎರಡು ವಾರ ಯಾರ್ಯಾರನ್ನೋ ಬೈದೆ. ಆಮೇಲೆ ನೋಡಿದರೆ, ಅವ್ವ ಸಂಘದ ಸಾಲಕ್ಕೆ ಅಂತ ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆದಿದ್ದಳು, ಅಲ್ಲೂ ಆಧಾರ್ ಕೊಟ್ಟಿದ್ದಳು. ಕೊನೆಗೆ ಜೋಡಿಸಿದ ಖಾತೆಗೇ ಈ ದುಡ್ಡು ಹೋಗುತ್ತದೆ. ನಿಮ್ಮ ಮನೆಯಲ್ಲೂ ದುಡ್ಡು ಕಾಣೆಯಾಗಿದ್ದರೆ ಮೊದಲು ಮರೆತುಹೋದ ಪಾಸ್‌ಬುಕ್ ಹುಡುಕಿ.

ಎರಡು ಸ್ಟಾರ್ ಕಡಿಮೆ ಯಾಕೆ ಅಂದ್ರೆ, ಒಂದು ಈ ಅಲೆದಾಟಕ್ಕೆ, ಇನ್ನೊಂದು ಮೊತ್ತಕ್ಕೆ. 2019ರಲ್ಲೂ ವರ್ಷಕ್ಕೆ 6,000, ನಮ್ಮ ಕೈಗೆ ಬಂದಾಗಲೂ ಅಷ್ಟೇ. ಒಂದು ಮೂಟೆ ಡಿಎಪಿ ಗೊಬ್ಬರಕ್ಕೆ 1,350 ಕೊಟ್ಟರೆ ಕಂತಿನಲ್ಲಿ ಉಳಿಯುವುದು 650. ಅಷ್ಟಕ್ಕೆ ಟ್ರ್ಯಾಕ್ಟರಿನವನು ನಮ್ಮ ಕಡೆ ಒಂದು ಗಂಟೆಯೂ ಉಳುವುದಿಲ್ಲ. ಆದರೂ ಬಿತ್ತನೆ ಹೊತ್ತಿಗೆ ಬಿದ್ದರೆ ಗೊಬ್ಬರದ ಅಂಗಡಿಯಲ್ಲಿ ಸಾಲ ಹೇಳುವುದು ತಪ್ಪುತ್ತದೆ, ಅಲ್ವಾ?

ಅವ್ವನ ದೂರು ಬೇರೆ. ಅಷ್ಟು ಸಲ ತೆಗೆದ ಫೋಟೋ ಎಲ್ಲಿ, ಒಂದು ಪ್ರಿಂಟ್ ಹಾಕಿಸಿಕೊಡು ಅಂತ ಇವತ್ತೂ ಕೇಳುತ್ತಾಳೆ.