ಹಳೆ ಡೀಸೆಲ್ ಕಾರಿನ ಆಯಿಲ್ ಲೀಕ್: ಪೌಡರ್ ಮೇಲೋ, ಡೈ ಮೇಲೋ?

ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಜಾಗದಲ್ಲಿ ಆಯಿಲ್ ತೊಟ್ಟಿಕ್ಕಿದರೆ ಮೆಕ್ಯಾನಿಕ್ ಬಾಯಲ್ಲಿ ಮೊದಲು ಬರುವ ಮಾತು: "ಕ್ರ್ಯಾಂಕ್ ಆಯಿಲ್ ಸೀಲ್ ಹೋಗಿದೆ ಸರ್, ಗೇರ್‌ಬಾಕ್ಸ್ ಇಳಿಸ್ಬೇಕು." ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್ ಹೊರಬರುವಲ್ಲಿ ಆಯಿಲ್ ತಡೆಯುವ ಆ ರಬ್ಬರ್ ಸೀಲ್ ಅಗ್ಗವೇ, ಇಳಿಸಿ ಏರಿಸುವ ಕೂಲಿ ಜೇಬು ಸುಡುತ್ತದೆ. ಲಕ್ಷ ಕಿಲೋಮೀಟರ್ ದಾಟಿ ಎಷ್ಟೋ ಕಾಲವಾದ ನನ್ನ ಡೀಸೆಲ್ ಹ್ಯಾಚ್‌ಬ್ಯಾಕಿಗೂ ಇದೇ ತೀರ್ಪು ಬಂದಿತ್ತು. ಒಪ್ಪುವ ಮೊದಲು ಲೀಕ್ ಹುಡುಕುವ ಬಗೆಗಳನ್ನು ಒಂದೊಂದಾಗಿ ನೋಡಿಬಿಡೋಣ ಅನಿಸಿತು.

ರಾತ್ರಿ ಕಾರಿನಡಿ ರಟ್ಟು ಹಾಸುವುದಕ್ಕೆ ಖರ್ಚೇ ಇಲ್ಲ. ಆದರೆ ಸೋರುತ್ತಿರುವುದು ಏನು ಎಂದಷ್ಟೇ ಅದು ಹೇಳುತ್ತದೆ. ಮಸಿ ಕಪ್ಪಾಗಿದ್ದರೆ ಎಂಜಿನ್ ಆಯಿಲ್, ಗಂಧಕದ ಘಾಟಿದ್ದರೆ ಗೇರ್ ಆಯಿಲ್, ಕೆಂಪಗಿದ್ದರೆ ಹೆಚ್ಚಾಗಿ ಪವರ್ ಸ್ಟೀರಿಂಗಿನದು. ಎಲ್ಲಿಂದ ಅನ್ನುವುದು ತಿಳಿಯದು. ಮೇಲೆ ಹೊರಬಿದ್ದ ಆಯಿಲ್ ಕೆಳಗಿಳಿಯುತ್ತಾ, ಓಡುವಾಗಿನ ಗಾಳಿಗೆ ಹಿಂದೆ ಸರಿಯುತ್ತಾ ಎಲ್ಲೋ ಒಂದು ಮೂಲೆಯಲ್ಲಿ ಹನಿಯುತ್ತದೆ.

ಪೌಡರ್ ಉಪಾಯ ನನಗೆ ಇಷ್ಟ. ಆಲ್ಟರ್ನೇಟರಿಗೂ ವೈರ್ ಕನೆಕ್ಟರುಗಳಿಗೂ ಪ್ಲಾಸ್ಟಿಕ್ ಸುತ್ತಿ, ಡಿಗ್ರೀಸರ್ ಹಾಕಿ ಎಂಜಿನ್ ತೊಳೆದು, ಚೆನ್ನಾಗಿ ಒಣಗಿಸಿ, ಮೈಗೆ ಹಾಕುವ ಪೌಡರನ್ನೇ ಅನುಮಾನದ ಜಾಗಕ್ಕೆ ಉದುರಿಸುವುದು. ಎಂಜಿನ್ ಬಿಸಿಯಾಗುವಷ್ಟು ಓಡಿಸಿ ನೋಡಿದರೆ ಜಿನುಗುವ ಕಡೆ ಪೌಡರ್ ಕಪ್ಪಾಗಿರುತ್ತದೆ. ಎಂಜಿನ್ ತಲೆಯ ಮುಚ್ಚಳವಾದ ಟ್ಯಾಪೆಟ್ ಕವರ್ ಅಂಚಿನ ಜಿನುಗು ನನಗೆ ಹೀಗೇ ಸಿಕ್ಕಿದ್ದು. ಕಣ್ಣೂ ಕೈಯೂ ತಲುಪದ ಎಂಜಿನ್ ಬೆನ್ನಿನ ಕಡೆ ಮಾತ್ರ ಈ ಆಟ ನಡೆಯುವುದಿಲ್ಲ.

ಅಲ್ಲಿ ಗೆದ್ದಿದ್ದು ಡೈ. ಆಯಿಲಿಗೇ ಬೆರೆಸುವ ಡೈ, ಅಲ್ಟ್ರಾವೈಲೆಟ್ ಟಾರ್ಚ್ ಬಿಟ್ಟರೆ ಹಳದಿ ಹಸಿರಾಗಿ ಹೊಳೆಯುತ್ತದೆ. ಡೀಸೆಲ್ ಮಸಿಗೆ ಕಪ್ಪಾದ ಆಯಿಲಿನಲ್ಲಿ ಈ ಹೊಳಪು ಮಂಕಾಗುವುದರಿಂದ ಆಯಿಲ್ ಬದಲಿಸಿದ ಕೂಡಲೇ ಹಾಕುವುದು ಲೇಸು. ಕತ್ತಲಲ್ಲಿ ಸಣ್ಣ ಕನ್ನಡಿ ಹಿಡಿದು ನೋಡಿದರೆ ಹೊಳೆಯುವ ಗೆರೆ ಕ್ರ್ಯಾಂಕ್ ಸೀಲಿಗಿಂತ ಎಷ್ಟೋ ಮೇಲೆ, ವ್ಯಾಕ್ಯೂಮ್ ಪಂಪ್ ಕೂಡುವ ಜಾಗದಿಂದ ಶುರುವಾಗಿತ್ತು. ಪೆಟ್ರೋಲ್ ಎಂಜಿನ್ನಿನಲ್ಲಿ ಬ್ರೇಕ್ ತುಳಿಯುವುದನ್ನು ಹಗುರ ಮಾಡುವ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮ್ (ಗಾಳಿಯ ಸೆಳೆತ) ಸಾಮಾನ್ಯವಾಗಿ ಎಂಜಿನ್ ಗಾಳಿ ಎಳೆದುಕೊಳ್ಳುವ ಇನ್‌ಟೇಕ್‌ನಿಂದಲೇ ಸಿಗುತ್ತದೆ. ಡೀಸೆಲಿಗೆ ಆ ಸೌಕರ್ಯವಿಲ್ಲ, ಬೇರೆ ಪಂಪ್ ಬೇಕು. ನನ್ನದರಲ್ಲಿ ಅದು ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟಿನ ತುದಿಯಲ್ಲಿ, ಗೇರ್‌ಬಾಕ್ಸ್ ತಲೆಯ ಮೇಲೇ ಕೂತಿದೆ. ಅದರ ಸಂದಿ ಮುಚ್ಚುವ ರಬ್ಬರ್ ಬಳೆ, ಓ-ರಿಂಗ್, ಗಟ್ಟಿಯಾದರೆ ಇಳಿಯುವ ಆಯಿಲ್ ಥೇಟ್ ಕ್ರ್ಯಾಂಕ್ ಸೀಲ್ ಲೀಕಿನ ಹಾಗೇ ಕಾಣುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡ ಓ-ರಿಂಗ್ ಒಂದು ಮಸಾಲೆ ದೋಸೆಗಿಂತ ಅಗ್ಗ. ಗೇರ್‌ಬಾಕ್ಸ್ ಇದ್ದಲ್ಲೇ ಇದೆ.

ಏನನ್ನೇ ಬಿಚ್ಚುವ ಮೊದಲು ಎಂಜಿನ್ ಒಳಗಿನ ಅನಿಲ ಹೊರಹೋಗುವ ಬ್ರೀದರ್ ಪೈಪ್ ನೋಡಿ. ಅದು ಕಟ್ಟಿಕೊಂಡಿದ್ದರೆ ಒಳಗಿನ ಒತ್ತಡವೇ ಹೊಸ ಸೀಲಿನಿಂದಲೂ ಆಯಿಲನ್ನು ಹೊರದೂಡುತ್ತದೆ. ಐಡಲ್‌ನಲ್ಲಿ ಆಯಿಲ್ ಮುಚ್ಚಳವನ್ನು ತಿರುಗಿಸಿ ತೆಗೆದು ಬಾಯಿಯ ಮೇಲೆ ಸುಮ್ಮನೆ ಇಟ್ಟು ನೋಡಿ. ಎಗರಿ ಬಿದ್ದು ಹೊಗೆ ಜೋರಾಗಿ ಬಂದರೆ, ಬ್ರೀದರ್ ಸರಿಯಿದ್ದೂ ಹೀಗಾದರೆ, ಪಿಸ್ಟನ್ ರಿಂಗ್ ಸವೆದಿರುವ ಅನುಮಾನ. ಆಗ ಸಂದಿ ಮುಚ್ಚುವ ಪ್ಯಾಕಿಂಗ್ ಬದಲಿಸಿ ಪ್ರಯೋಜನವಿಲ್ಲ.

ಟ್ಯಾಪೆಟ್ ಕವರಿನ ಜಿನುಗಿಗೆ ಮೊದಲು ಎಂಜಿನ್ ಆಯಿಲಿಗೇ ಲೀಕ್ ನಿಲ್ಲಿಸುವ ದ್ರಾವಣದ ಬಾಟಲಿ ಸುರಿದೆ. ಅದು ರಬ್ಬರನ್ನು ಮೆದುಗೊಳಿಸಿ ಉಬ್ಬಿಸುತ್ತದೆ, ಸಣ್ಣಗೆ ಗಟ್ಟಿಯಾದ ಸೀಲಿಗೆ ಸರಿ. ಬಿರುಕು ಬಿಟ್ಟ ಪ್ಯಾಕಿಂಗಿಗೆ ಏನೂ ಮಾಡದು, ನನ್ನದರಲ್ಲಿ ಏನೂ ಆಗಲೂ ಇಲ್ಲ. ಹಾಕುವುದಾದರೆ ಆಯಿಲ್ ಮಟ್ಟ ಡಿಪ್‌ಸ್ಟಿಕ್ಕಿನ ಮೇಲ್ಗೆರೆ ದಾಟದಿರಲಿ. ಟರ್ಬೊ ಡೀಸೆಲ್ ಹೆಚ್ಚಾದ ಆಯಿಲನ್ನೇ ಎಳೆದು ಉರಿಸಿಕೊಂಡು ಹತೋಟಿ ತಪ್ಪಿ ಓಡಬಲ್ಲದು. ಆಮೇಲೆ ಗ್ಯಾರೇಜಿನವರ ಅಕ್ಕರೆಯ ಸಿಲಿಕಾನ್ ಪೇಸ್ಟ್. ಹೊರಗಿನಿಂದ ಬಳಿದದ್ದು ಬೇಗ ಎದ್ದುಬಂತು. ಒಳಗೆ ಹೆಚ್ಚು ಹಚ್ಚಿದರೆ ಇನ್ನೂ ಅಪಾಯ: ಉದುರಿದ ಚೂರು ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಂಡರೆ ಎಂಜಿನ್ನೇ ಹೋಯಿತು. ಕೊನೆಗೆ ಹೊಸ ರಬ್ಬರ್ ಪ್ಯಾಕಿಂಗ್ ಹಾಕಿಸಿ, ಬೋಲ್ಟುಗಳನ್ನು ಬಿಗಿ ಅಳೆದು ತೋರಿಸುವ ಟಾರ್ಕ್ ವ್ರೆಂಚಿನಲ್ಲೇ ಬಿಗಿಸಿ ಅಂದೆ. ಈ ಬೋಲ್ಟುಗಳಿಗೆ ಬೇಕಾದ ಬಿಗಿ ಕಡಿಮೆ. ತೋಳ್ಬಲ ತೋರಿಸಿದರೆ ಕವರೇ ಸೊಟ್ಟಗಾಗುತ್ತದೆ. ಅಲ್ಲಿಂದ ಆ ಅಂಚು ಒಣಗಿದೆ.

ಎಂಜಿನ್ ತಳದ ಆಯಿಲ್ ಚೇಂಬರಿನ ಅಂಚಿನಲ್ಲಿ ಇನ್ನೂ ಸ್ವಲ್ಪ ಪಸೆಯಿದೆ. ಹನಿಯಾಗಿ ಬೀಳುವುದಿಲ್ಲ, ಸರ್ವಿಸಿನಿಂದ ಸರ್ವಿಸಿಗೆ ಡಿಪ್‌ಸ್ಟಿಕ್ ಗೆರೆಯೂ ಇಳಿಯುವುದಿಲ್ಲ. ಅದರ ತಂಟೆಗೆ ನಾನು ಹೋಗುತ್ತಿಲ್ಲ.