ಬಿಎಸ್ಸಿ ಪ್ರಾಜೆಕ್ಟಿಗೆ ಸೀಸ್ಟಾರ್ ಎಸ್50: ಗ್ರಹಣ ಜೋಡಿ ನಕ್ಷತ್ರಗಳಿಗೆ ಸಾಕೇ?

ಸಾಕು, ನಕ್ಷತ್ರವನ್ನು ಸರಿಯಾಗಿ ಆರಿಸಿಕೊಂಡರೆ. ಗ್ರಹಣ ಜೋಡಿ ಎಂದರೆ ಒಂದನ್ನೊಂದು ಸುತ್ತುತ್ತಾ, ಸರದಿಯಲ್ಲಿ ಮರೆಮಾಡಿ ಬೆಳಕು ಕುಗ್ಗಿಸುವ ಎರಡು ನಕ್ಷತ್ರಗಳು. 50 ಮಿ.ಮೀ. ಮಸೂರದ ಈ ಪುಟ್ಟ ದೂರದರ್ಶಕದಲ್ಲಿ ನಕ್ಷತ್ರಗಳಿಗೆ ಕನಿಷ್ಠ ಎಕ್ಸ್‌ಪೋಷರ್ 10 ಸೆಕೆಂಡು. ಪಾಠದಲ್ಲಿ ಮೊದಲು ಬರುವ ಪ್ರಕಾಶಮಾನ ಜೋಡಿ ಆಲ್ಗಾಲ್ ಅಷ್ಟರಲ್ಲಿ ಪೂರ್ತಿ ಸ್ಯಾಚುರೇಟ್ ಆಗಿರುತ್ತದೆ, ಅಂದರೆ ಪಿಕ್ಸೆಲ್ ತುಂಬಿ ಬೆಳಕಿನ ಏರಿಳಿತ ದಾಖಲಾಗುವುದಿಲ್ಲ. ಅದರ ಆಸೆ ಬಿಡಿ.

ನವೆಂಬರ್ ಕೊನೆ, ಡಿಸೆಂಬರ್‌ಗೆ ವೈವೈ ಎರಿಡಾನಿ ಎಂಬ ಜೋಡಿ ಹೇಳಿ ಮಾಡಿಸಿದ ಹಾಗಿದೆ. ಕಾಂತಿಮಾನ (ಸಂಖ್ಯೆ ಹೆಚ್ಚಿದಷ್ಟೂ ಮಬ್ಬು) ಸುಮಾರು 8.1ರಿಂದ 8.8, ಒಂದು ಸುತ್ತಿನ ಅವಧಿ 7 ಗಂಟೆ 43 ನಿಮಿಷ. ಎರಡು ಗ್ರಹಣಗಳ ನಡುವೆ ನಾಲ್ಕು ಗಂಟೆಯೂ ಇಲ್ಲ, ಒಂದೇ ರಾತ್ರಿಯಲ್ಲಿ ಎರಡೂ ಸಿಗುತ್ತವೆ. ಬೆಂಗಳೂರಿನಲ್ಲಿ 66 ಡಿಗ್ರಿ ಎತ್ತರಕ್ಕೆ ಏರುವುದರಿಂದ ದಿಗಂತದ ಮಬ್ಬಿನ ಕಾಟವೂ ಕಡಿಮೆ.

ಶುರು ಮಾಡುವ ಮುನ್ನ ಆ್ಯಪ್‌ನಲ್ಲಿ ಪ್ರತಿ ಫ್ರೇಮನ್ನೂ ಬೇರೆಯಾಗಿ ಉಳಿಸುವ ಆಯ್ಕೆ ಆನ್ ಮಾಡಿ. ಮರೆತರೆ ಬೆಳಗ್ಗೆ ಒಂದು ಚೆಂದದ ಚಿತ್ರ ಕೈಗೆ ಸಿಗುತ್ತದೆ, ದತ್ತಾಂಶ ಮಾತ್ರ ಸೊನ್ನೆ. ಒಂದು ಫ್ರೇಮ್ ಸುಮಾರು 4 ಎಂಬಿ. ಆರು ಗಂಟೆಗೆ ಎರಡು ಸಾವಿರ ಫ್ರೇಮ್, 8 ಜಿಬಿ ಮೀರುತ್ತದೆ. ಪವರ್ ಬ್ಯಾಂಕ್ ಜೊತೆಗಿರಲಿ.

ಸೆನ್ಸರ್ ಬಣ್ಣದ್ದು. ಸಿರಿಲ್ ಎಂಬ ತಂತ್ರಾಂಶದಲ್ಲಿ ಹಸಿರು ಪಿಕ್ಸೆಲ್‌ಗಳನ್ನಷ್ಟೇ ಬೇರ್ಪಡಿಸಿ, ಆಸ್ಟ್ರೋಇಮೇಜ್‌ಜೆ ತಂತ್ರಾಂಶದಲ್ಲಿ ನಕ್ಷತ್ರದ ಬೆಳಕನ್ನು ಅಳೆಯಿರಿ. ಆರಾರು ಫ್ರೇಮ್‌ಗಳ ಸರಾಸರಿ ತೆಗೆದರೆ ಚುಕ್ಕಿಗಳ ಚೆದುರುವಿಕೆ ಚೆನ್ನಾಗಿ ಇಳಿಯುತ್ತದೆ.

ಗಮನಿಸಬೇಕಾದದ್ದು, ಸಮಯಕ್ಕೆ ತಕ್ಕಂತೆ ಬೆಳಕಿನ ಏರಿಳಿತ ತೋರಿಸುವ ವಕ್ರರೇಖೆಯ ನೆತ್ತಿ. ವೈವೈ ಎರಿಡಾನಿಯಂಥ ಅಂಟಿಕೊಂಡ ಜೋಡಿಗಳಲ್ಲಿ ಅದು ದುಂಡಗಿರಬೇಕು. ದೋಸೆಕಲ್ಲಿನಂತೆ ಚಪ್ಪಟೆಯಾಗಿದ್ದರೆ ನಕ್ಷತ್ರ ಸ್ಯಾಚುರೇಟ್ ಆಗಿದೆ, ಗ್ರಹಣದ ಆಳವೂ ಸುಳ್ಳೇ. ಫೋಕಸ್ಸನ್ನು ಕೈಯಾರೆ ತುಸು ಕೆಡಿಸಿ, ನಕ್ಷತ್ರದ ನಡುವಿನ ಪಿಕ್ಸೆಲ್‌ನ ಮೌಲ್ಯ 50,000 ದಾಟದಂತೆ ನೋಡಿಕೊಳ್ಳಿ.

ಇನ್ನೊಂದು ತೊಡಕು, ರಾತ್ರಿಯುದ್ದಕ್ಕೂ ತಿರುಗುವ ನೋಟ. ಚೌಕಟ್ಟಿನ ಅಗಲ 0.7 ಡಿಗ್ರಿ ಮಾತ್ರ. ಹೋಲಿಕೆಯ ನಕ್ಷತ್ರ (ಬೆಳಕು ಬದಲಾಗದ ನೆರೆಯ ನಕ್ಷತ್ರ) ನಡುವಿನಿಂದ 20 ಆರ್ಕ್‌ಮಿನಿಟ್, ಅಂದರೆ ಡಿಗ್ರಿಯ ಮೂರನೇ ಒಂದು ಭಾಗದ ಒಳಗಿದ್ದರೆ ಎಷ್ಟು ತಿರುಗಿದರೂ ಹೊರಬೀಳದು. ಉಪಕರಣವನ್ನು ಭೂಮಿಯ ಅಕ್ಷಕ್ಕೆ ಹೊಂದಿಸಿ ನೋಟ ತಿರುಗದಂತೆ ಮಾಡುವ ಇಕ್ವಟೋರಿಯಲ್ ಮೋಡ್ ಇದೆಯಲ್ಲ ಎನ್ನಬಹುದು. ನಮ್ಮ 13 ಡಿಗ್ರಿ ಅಕ್ಷಾಂಶದಲ್ಲಿ ಅದಕ್ಕಾಗಿ ಉಪಕರಣವನ್ನು 77 ಡಿಗ್ರಿ ವಾಲಿಸಬೇಕು, ಅಂದರೆ ಹೆಚ್ಚೂಕಮ್ಮಿ ಮಲಗಿಸಬೇಕು. ಜೊತೆಗೆ ಬರುವ ಪುಟಾಣಿ ಟ್ರೈಪಾಡ್ ಮೇಲೆ ಆ ಸಾಹಸ ಬೇಡ.

ಸಮಯದಲ್ಲಿ ಉದಾಸೀನ ಮಾಡಿದರೆ ಇಷ್ಟೂ ನೀರಿನಲ್ಲಿ ಹೋಮ. ಭಾರತೀಯ ಸಮಯದಿಂದ ಐದೂವರೆ ಗಂಟೆ ಕಳೆದು ಯುಟಿಗೆ (ಜಾಗತಿಕ ಸಮಯ) ತನ್ನಿ. ಎಕ್ಸ್‌ಪೋಷರಿನ ಆರಂಭಕ್ಕೆ 5 ಸೆಕೆಂಡು ಕೂಡಿಸಿ ಅದರ ನಡುವಿನ ಕ್ಷಣ ಪಡೆಯಿರಿ. ಆಮೇಲೆ ಸೂರ್ಯಕೇಂದ್ರಿತ ತಿದ್ದುಪಡಿ, ಅಂದರೆ ಬೆಳಕು ಭೂಮಿಯ ಬದಲು ಸೂರ್ಯನನ್ನು ತಲುಪುವ ಸಮಯಕ್ಕೆ ಬದಲಿಸುವುದು. ಅದೊಂದೇ 8 ನಿಮಿಷದವರೆಗೂ ವ್ಯತ್ಯಾಸ ತರಬಲ್ಲದು.